ಲಿಲ್ಲಿಯ ಮರಿಗಳ ಮೊಣಕಾಲು

ಕದ್ರಿಯ ಬರ್ನಡೆಟ್ ಬಾಯಿಯ ಪೊಮೇರಿಯನ್ ಮರಿ ಬೇಕೆಂದರೆ ಆಗ, ಸಾವಿರದ ಒಂಬೈನೂರ ಐವತ್ತೆಂಟರ ಸುಮಾರಿಗೆ, ವರ್ಷ ಮೊದಲೇ ಹೇಳಿಡಬೇಕಿತ್ತು. ತಾಯಿ ಲಿಲ್ಲಿ ಹತ್ತಿಯ ಉಂಡೆಯಂತೆ ಬಿಳಿ. ತಂದೆ ಪ್ರಿನ್ಸ್ ಮೈದುನ ಬಾಸಿಲನದು, ಅದೂ ಬಿಳಿ. ಓಡುವಾಗ ಪ್ರಿನ್ಸ್ ನಾಲ್ಕು ಹೆಜ್ಜೆಗೊಮ್ಮೆ ಹಿಂಗಾಲೊಂದನ್ನು ಎತ್ತಿ ಕುಪ್ಪಳಿಸುತ್ತಿತ್ತು. ಅದು ವಿಲಾಯತಿ ಜಾತಿಯ ನಡಿಗೆ ಎಂದು ಬಾಸಿಲ್ ಹೇಳಿದ್ದ; ಬಾಯಿ ನಂಬಿದ್ದರು, ಮರಿ ಒಯ್ದವರಿಗೂ ಹಾಗೆಯೇ ಹೇಳಿದ್ದರು. ಕುಪ್ಪಳಿಸದ ಮರಿ ಸಿಕ್ಕಿದವರು ತಮ್ಮದು ಕಲಬೆರಕೆಯೋ ಏನೋ ಎಂದು ಮುಖ ಸಣ್ಣ ಮಾಡಿಕೊಂಡದ್ದೂ ಉಂಟು.

ಲಿಲ್ಲಿಯನ್ನು ಎರಡನೇ ಸಲ ಪ್ರಿನ್ಸ್ ಜೊತೆ ಬಿಡುವ ದಿನ ಗೊತ್ತಾದ ಮೇಲೆ, ಮೀನು ಮಾರುವ ಕುಮುದಿನಿ ಬುಟ್ಟಿ ಇಳಿಸುತ್ತಾ ಮಾತು ತೆಗೆದಳು. ಕದ್ರಿ, ಕೊಟ್ಟಾರ, ದೇರೆಬೈಲ್ ಎಂದು ದಿನಾ ಮನೆಮನೆ ನಡೆಯುವವಳು. ಮೀನಿನ ವಾಸನೆಗೆ ಅಂಗಳಕ್ಕೆ ಬರದ ನಾಯಿ ಯಾವುದು? ಲಿಲ್ಲಿಗೆ ಮೊದಲ ಸಲ ಹುಟ್ಟಿದ ಐದು ಮರಿಗಳೂ ಹೇಗಿವೆಯೆಂದು ಅವಳಷ್ಟು ಬಲ್ಲವರಿರಲಿಲ್ಲ.

“ಬಾಯಮ್ಮ, ಬೇಜಾರು ಮಾಡ್ಬೇಡಿ. ನಿಮ್ಮ ಐದರಲ್ಲಿ ಮೂರು ಕುಂಟುದು. ಕೊಟ್ಟಾರದ ಕ್ರಿಸ್ಟಿನ್ ಬಾಯಿಯದ್ದು ಈಗ ಮೆಟ್ಟಿಲೇ ಹತ್ತುದಿಲ್ಲ.”

“ಅದು ಕುಂಟುದಲ್ಲ ಮಾರಾಯ್ತಿ, ಜಾತಿಯ ನಡಿಗೆ.”

“ಜಾತಿ ನಂಗೆ ಗೊತ್ತಿಲ್ಲ. ನಡಿಗೆ ಆದ್ರೆ ಅದು ಅಳುದೆಂತಕ್ಕೆ?”

ಬರ್ನಡೆಟ್ ಬಾಯಿ ತಾವೇ ನೋಡಿ ಬರುವುದೆಂದುಕೊಂಡರು. ಮರುದಿನ ಕೊಟ್ಟಾರಕ್ಕೆ ಹೋದರೆ ಕ್ರಿಸ್ಟಿನ್‌ಳ ನಾಯಿ ಮೆಟ್ಟಿಲ ಬುಡದಲ್ಲಿ ಕಾಲು ಹಿಂದಕ್ಕೆ ಚಾಚಿ ಕುಂಯ್‌ಗುಟ್ಟುತ್ತಿತ್ತು. ಕ್ರಿಸ್ಟಿನ್ ಮಾತ್ರ ಹೆಮ್ಮೆಯಲ್ಲೇ ಇದ್ದಳು: ಇದನ್ನು ದೇರೆಬೈಲಿನಲ್ಲಿರುವ ಇದರ ಒಡಹುಟ್ಟಿದ ಗಂಡಿನ ಜೊತೆಗೇ ಬಿಡುತ್ತಾಳಂತೆ, ಅದೂ ಕುಪ್ಪಳಿಸುತ್ತದಂತೆ, ಹುಟ್ಟುವುದೆಲ್ಲ ಅಪ್ಪಟ ಜಾತಿಯವೇ ಆಗುತ್ತವಂತೆ. “ಅದಕ್ಕೆ ಮೊದಲು ಡಾಕ್ಟರಿಗೆ ತೋರಿಸುವ” ಎಂದರು ಬಾಯಿ.

ಇಬ್ಬರೂ ನಾಯಿಯನ್ನು ಎತ್ತಿಕೊಂಡು ಪಶು ಡಾಕ್ಟರರ ಬಳಿ ಹೋದರು. ಅವರು ಮೊಣಕಾಲಿಗೆ ಬೆರಳಿಟ್ಟು ಚಿಪ್ಪು ಪಕ್ಕಕ್ಕೆ ಜಾರುವುದನ್ನು ತೋರಿಸಿದರು. ಸಣ್ಣ ಜಾತಿಗಳಲ್ಲಿ ಇದು ಹೆತ್ತವರಿಂದ ಬರುತ್ತದೆ, ಕೊಬ್ಬು ಬೆಳೆಯಗೊಡಬೇಡಿ, ಜಿಗಿಸಬೇಡಿ, ಮರಿಯಂತೂ ಮಾಡಿಸಲೇಬೇಡಿ ಎಂದರು.

ಹೊರಗೆ ಬಂದು ಬರ್ನಡೆಟ್ ಬಾಯಿ ನಿಂತರು. “ತಪ್ಪು ನನ್ನದು ಕ್ರಿಸ್ಟಿನ್. ಗೊತ್ತಿಲ್ಲದ್ದನ್ನು ಗೊತ್ತುಂಟು ಅಂತ ಹೇಳಿದ್ದು. ಲಿಲ್ಲಿಯನ್ನು ಇನ್ನು ಪ್ರಿನ್ಸ್ ಹತ್ರ ಬಿಡುದಿಲ್ಲ.”

ಕ್ರಿಸ್ಟಿನ್ ನಾಯಿಯ ಕಾಲು ಸವರಿದಳು. ಆಮೇಲೆ, “ಹಾಗಾದ್ರೆ ಇದರ ತುಪ್ಪದನ್ನ ನಿಲ್ಲಿಸ್ಬೇಕಾ?” ಎಂದಳು.

ಅತ್ತಿಗೆ ಮೀನಿನವಳಿಂದ ನಾಯಿ ವಿದ್ಯೆ ಕಲಿತಳು ಎಂದು ಬಾಸಿಲ್ ಊರೆಲ್ಲ ಆಡಿಕೊಂಡ. ಹೌದು, ಕಲಿತೆ ಎಂದರು ಬಾಯಿ. ಹೊಸ ಗಂಡನ್ನು ಹುಡುಕಿದವಳೂ ಕುಮುದಿನಿಯೇ: ದೇರೆಬೈಲಿನ ಇನ್ನೊಂದು ಮನೆಯ ಕಂದು ಪೊಮೇರಿಯನ್, ಎಂಟು ವರ್ಷವಾದರೂ ಗಿಡ್ಡ ಕಂಪೌಂಡ್ ಗೋಡೆ ಹಾರುತ್ತಿತ್ತು. ಡಾಕ್ಟರರು ಅದರದ್ದೂ ಲಿಲ್ಲಿಯದ್ದೂ ಮೊಣಕಾಲು ಒತ್ತಿ ನೋಡಿ ಒಪ್ಪಿದರು.

ನಾಲ್ಕು ಮರಿಯಾದವು, ಒಂದೂ ಬಿಳಿಯಿಲ್ಲ. ಹೇಳಿಟ್ಟವರಲ್ಲಿ ಕೆಲವರು ಹಿಂದೆ ಸರಿದರು. ಮೊಣಕಾಲು ಹೇಗೆ ಬರುತ್ತದೆಂದು ನೋಡಲು ಹತ್ತು ತಿಂಗಳು ಬಾಯಿ ಯಾವುದನ್ನೂ ಕೊಡಲಿಲ್ಲ. ಒಂದರ ಚಿಪ್ಪು ತುಸು ಜಾರಿತು. ಅದನ್ನು ತಾವೇ ಇಟ್ಟುಕೊಂಡರು. ಉಳಿದ ಮೂರನ್ನು ಕೊಡುವಾಗ ಬಂದವರನ್ನು ಕೂರಿಸಿ, ತಾಯಿ ತಂದೆಯ ಕಾಲಿನ ಕಥೆಯನ್ನೆಲ್ಲ, ಪ್ರಿನ್ಸಿನದ್ದೂ ಸೇರಿಸಿ, ಹೇಳಿದರು. ಕೇಳಿ ಕೇಳಿ ಒಬ್ಬರಿಗೆ ಬಸ್ಸೇ ತಪ್ಪಿತು. ಅವರು ಮರಿಯನ್ನು ಎತ್ತಿಕೊಂಡು ನಡೆದೇ ಹೋದರು.