ಏನನ್ನೂ ಒತ್ತಬೇಡಿ

ಪೆನ್‌ಡ್ರೈವನ್ನು ಎಳೆದು, ಪಂಚೆಯ ಅಂಚಿನಲ್ಲಿ ಒರೆಸಿ, ಸೀನು ಇನ್ನೊಂದು ಸಲ ಕಂಪ್ಯೂಟರಿಗೆ ಸಿಕ್ಕಿಸಿದರು. ಅದು ಸ್ವಲ್ಪ ಹೊತ್ತು ಗುಂಯ್ ಎಂದು, ಬೆಳಗ್ಗೆಯಿಂದ ಹೇಳುತ್ತಿದ್ದುದನ್ನೇ ಹೇಳಿತು: ಇದನ್ನು ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಹೂಂ ಎಂದು ಒತ್ತಿದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಕಂಪ್ಯೂಟರಿನ ವಿಷಯದಲ್ಲಿ ಬೇರೇನೂ ಗೊತ್ತಿಲ್ಲದಿದ್ದರೂ ಅಷ್ಟು ಮಾತ್ರ ಸೀನುಗೆ ಚೆನ್ನಾಗಿ ಗೊತ್ತಿತ್ತು.

"ಫೋಟೋ ಸಿಕ್ತಾ ಸಾರ್?" ಎದುರುಮನೆಯ ನಂದಕುಮಾರ್ ಬಾಗಿಲಲ್ಲಿ ಇಣುಕಿದ. "ಫ್ಲೆಕ್ಸ್‌ನೋನು ಆಗ್ಲಿಂದ ಫೋನ್ ಮಾಡ್ತಾವ್ನೆ. ಹೆಸ್ರು, ದೀಪ, ಹೂವು ಎಲ್ಲಾ ಹಾಕ್ಬಿಟ್ಟವ್ನಂತೆ. ಮೇಡಂ ಮುಖ ಒಂದ್ ಬಾಕಿ."

"ಫ್ಲೆಕ್ಸ್ ಎಲ್ಲಾ ಯಾಕ್ರೀ ನಂದಕುಮಾರ್..."

"ಏನ್ ಸಾರ್ ನೀವು! ಇಷ್ಟ್ ವರ್ಷ ಈ ಕ್ರಾಸಲ್ಲಿದ್ದೋರು. ಮೂಲೇಲಿ ಒಂದ್ ಹಾಕ್ಬೇಡ್ವಾ?"

ಬನಶಂಕರಿಯ ಆ ಕ್ರಾಸಿನಲ್ಲಿ ಯಾರು ಸತ್ತರೂ ಫ್ಲೆಕ್ಸ್ ಹಾಕಿಸುವ ಹೊಣೆಯನ್ನು ನಂದಕುಮಾರ್ ತಾನಾಗಿಯೇ ಹೊತ್ತುಕೊಂಡಿದ್ದ. ಅವನ ತಾತನ ಕಾಲದಲ್ಲಿ ಅಲ್ಲೆಲ್ಲ ಅವರದೇ ರಾಗಿ ಹೊಲವಿತ್ತಂತೆ. ಹಾಗಾಗಿ ಅಲ್ಲಿ ಸಾಯುವವರೆಲ್ಲ ತನ್ನ ಹೊಲದಲ್ಲೇ ಸಾಯುತ್ತಿದ್ದಾರೆ ಎಂಬ ಭಾವನೆ ಅವನಿಗೆ ಇದ್ದರೂ ಇದ್ದೀತು.

ಗೋಡೆಯಾಚೆ ನಡುಮನೆಯಲ್ಲಿ ಸೀನುವಿನ ಅಕ್ಕ ವಾರಿಜಾರನ್ನು ಮಲಗಿಸಿದ್ದರು. ತಲೆಯ ಹತ್ತಿರ ದೀಪ ಉರಿಯುತ್ತಿತ್ತು. ಮದುವೆಯಾಗದೆ, ಮಹಡಿಯ ಮೇಲಿನ ಒಂಟಿ ಕೋಣೆಯಲ್ಲಿದ್ದ ಆಕೆ ಬೆಳಗ್ಗೆ ಎದ್ದಿರಲಿಲ್ಲ. ದಿನದಂತೆ ಕಾಫಿ ಕೊಡಲು ಹೋಗಿದ್ದ ಸೀನುವಿನ ಹೆಂಡತಿ ವಿಭಾ ಲೋಟವನ್ನು ಮೆಟ್ಟಿಲ ಮೇಲೇ ಬಿಟ್ಟು ಇಳಿದು ಬಂದು, "ರೀ, ಮೇಲ್ಗಡೆಯೋರು..." ಎಂದಷ್ಟೇ ಹೇಳಿದ್ದರು.

ಆ ಮನೆಯಲ್ಲಿ ಅಕ್ಕನಿಗೆ ಅದೇ ಹೆಸರಾಗಿತ್ತು. ಮೇಲ್ಗಡೆಯೋರಿಗೆ ಕರೆಂಟ್ ಬಿಲ್ ಬಂದಿದೆ ಕೊಡು. ಮೇಲ್ಗಡೆಯೋರು ಮೋಟರ್ ಆಫ್ ಮಾಡಿದ್ರಾ ಕೇಳು. ಅಕ್ಕ ತಮ್ಮ ಮಾತು ಬಿಟ್ಟು ಏಳು ವರ್ಷವಾಗಿತ್ತು. ಅಷ್ಟೂ ವರ್ಷ ವಿಭಾ ಅಂಚೆಯವರ ಹಾಗೆ ಮೇಲೂ ಕೆಳಗೂ ಓಡಾಡಿದ್ದರು.

ಈಗ ಹುಡುಕಿದರೆ ಅಕ್ಕನ ಒಂದು ಫೋಟೋವೂ ಇಡೀ ಮನೆಯಲ್ಲಿ ಇರಲಿಲ್ಲ. ಆಧಾರ್ ಕಾರ್ಡಿನಲ್ಲಿದ್ದ ಮುಖವಂತೂ ಯಾರದೋ. ಸರಿಯಾದದ್ದು ಒಂದೇ ಒಂದು, ಈ ಪೆನ್‌ಡ್ರೈವಿನಲ್ಲಿ: ಅಮ್ಮನ ಸಹಸ್ರಚಂದ್ರ ಶಾಂತಿಯ ದಿನ ಅಮ್ಮನೂ ಅಕ್ಕನೂ ಕಿವಿಯಲ್ಲಿ ಏನೋ ಹೇಳಿಕೊಂಡು ನಗುತ್ತಿರುವುದು. ತೆಗೆದ ಸ್ಟುಡಿಯೋ ಇದ್ದ ಜಾಗದಲ್ಲಿ ಈಗ ಮೊಮೋ ಅಂಗಡಿ. ಪೆನ್‌ಡ್ರೈವ್ ಹೋದವಾರ ಬೀರುವಿನ ರೇಷ್ಮೆ ಸೀರೆಗಳ ನಡುವೆ ಸಿಕ್ಕಿತ್ತು. ಫ್ಲೆಕ್ಸ್ ಹಾಳಾಗಿ ಹೋಗಲಿ, ಸೀನುಗೇ ಆ ಫೋಟೋ ಬೇಕಿತ್ತು. ಮಧ್ಯಾಹ್ನ ಅಕ್ಕನನ್ನು ತೆಗೆದುಕೊಂಡು ಹೋದಮೇಲೆ ಅವಳು ನಗುತ್ತಿದ್ದಳು ಅನ್ನುವುದಕ್ಕೆ ಅವರ ಹತ್ತಿರ ಬೇರೆ ಏನೂ ಉಳಿಯುತ್ತಿರಲಿಲ್ಲ.

ಅವರು ಫೋನ್ ತೆಗೆದು, ಗೊತ್ತಿದ್ದ ಒಂದೇ ಕಡೆಗೆ ಬರೆದರು. "ಪಕ್ಕದ್ಮನೆ ಸಾರ್, ಅರ್ಜೆಂಟ್. ನಿನ್ನೆ ಹೇಳಿದ್ದ ಪೆನ್‌ಡ್ರೈವ್. ಇವತ್ತೇ ತೆಗೀಬೇಕು. ಮನೇಲಿ ಸಾವಾಗಿದೆ."

ಉತ್ತರ ಬರಲಿಲ್ಲ.

* * *

ಗಣಕಕಟ್ಟೆ ಅಂತ ಕನ್ನಡದಲ್ಲೊಂದು ವೆಬ್‌ಸೈಟು. ಕಂಪ್ಯೂಟರ್ ಕೈಕೊಟ್ಟವರು ಅಲ್ಲಿ ಬಂದು ಗೋಳು ತೋಡಿಕೊಳ್ಳುತ್ತಾರೆ. ಬಿಡುವಿರುವ ಯಾರೋ ಪುಣ್ಯಾತ್ಮರು ಸುಮ್ಮನೆ ಕೂತು ಉತ್ತರ ಹೇಳುತ್ತಾರೆ. ಬ್ಯಾಂಕಿನಿಂದ ರಿಟೈರ್ ಆದಮೇಲೆ ಸೀನು ಆ ಕಟ್ಟೆಗೆ ಅಂಟಿಕೊಂಡರು. ಪ್ರಿಂಟರ್ ಕಾಗದ ನುಂಗಿತು, ಪಾಸ್‌ವರ್ಡ್ ಮರೆತುಹೋಯಿತು, ಹಳೆಯ ಫಾಂಟಿನಲ್ಲಿ ಟೈಪಿಸಿದ ಕನ್ನಡವೆಲ್ಲ ಹೊಸ ಕಂಪ್ಯೂಟರಿನಲ್ಲಿ ಜಿರಲೆ ಸಂತತಿಯಾಗಿ ಹರಿದಾಡಿತು. ಪ್ರತಿ ಸಲವೂ ಉತ್ತರ ಕೊಟ್ಟವರು ಒಬ್ಬರೇ. ಅಲ್ಲಿ ಅವರ ಹೆಸರು 'ಪಕ್ಕದ್ಮನೆ'.

ಪಕ್ಕದ್ಮನೆಯವರ ಉತ್ತರ ಯಾವಾಗಲೂ ಒಂದೇ ಥರ ಶುರುವಾಗುತ್ತಿತ್ತು. "ಏನನ್ನೂ ಒತ್ತಬೇಡಿ. ಮೊದಲು ಒಂದು ಲೋಟ ನೀರು ಕುಡಿದು ಬನ್ನಿ."

ಮೊದಮೊದಲು ಇದೇನು ತಮಾಷೆಯೋ ಎಂದುಕೊಂಡಿದ್ದ ಸೀನು ಆಮೇಲಾಮೇಲೆ ನೀರಿನ ಲೋಟ ಇಟ್ಟುಕೊಂಡೇ ಪ್ರಶ್ನೆ ಬರೆಯಲು ಕೂರುತ್ತಿದ್ದರು. ಬರೆಯುವಾಗ 'ಸಾರ್' ಎಂದೇ ಬರೆಯುತ್ತಿದ್ದರು. ಇಷ್ಟು ತಿಳಿದವರು ಗಂಡಸಲ್ಲದೆ ಮತ್ಯಾರು ಅನ್ನುವ ಪೈಕಿ ಅವರು. ಜೆ.ಪಿ. ನಗರದ ಕಡೆ ಎಲ್ಲೋ ಸ್ವೆಟರ್ ಹಾಕಿಕೊಂಡು ಕೂತ ರಿಟೈರ್ಡ್ ವಿಜ್ಞಾನಿ ಎಂದು ಅವರ ಲೆಕ್ಕ. ಪಕ್ಕದ್ಮನೆಯವರು ಒಂದು ದಿನವೂ ತಿದ್ದಲಿಲ್ಲ.

ಒಂದು ಸಲ ಆ ಕಡೆಯಿಂದ ಪ್ರಶ್ನೆ ಬಂದಿತ್ತು. "ನಿಮ್ಮ ಮನೆಯಲ್ಲಿ ಕಂಪ್ಯೂಟರ್ ಗೊತ್ತಿರೋರು ಯಾರೂ ಇಲ್ಲವಾ?"

"ಯಾರೂ ಇಲ್ಲ ಸಾರ್."

ಅವತ್ತು ಉತ್ತರ ಬರಲು ಬಹಳ ಹೊತ್ತು ಹಿಡಿಯಿತು. "ಸರಿ. ನಾನಿದ್ದೀನಿ ಬಿಡಿ."

* * *

"ಸಾರ್, ಇಲ್ಲೇ ಸುದ್ದಗುಂಟೆಪಾಳ್ಯದಲ್ಲಿ ನಂಗೊಬ್ಬ ಗೊತ್ತು," ನಂದಕುಮಾರ್ ಇನ್ನೂ ಹೋಗಿರಲಿಲ್ಲ. "ಕಳಿಸ್ಲಾ? ಫಾರ್ಮ್ಯಾಟ್ ಹೊಡ್ದು ಹತ್ತೇ ನಿಮಿಷದಲ್ಲಿ..."

"ಬೇಡ!"

ನಡುಮನೆಯಲ್ಲಿದ್ದವರೆಲ್ಲ ಇತ್ತ ತಿರುಗಿ ನೋಡುವಷ್ಟು ಜೋರಾಗಿ ಬಂತು ಆ ಮಾತು. ನಂದಕುಮಾರ್ ಪಾಪ, ವ್ಯಾನ್ ಬಂತಾ ನೋಡ್ತೀನಿ ಎಂದು ಗೇಟಿನ ಕಡೆ ಹೋದ.

* * *

ಏಳು ವರ್ಷದ ಹಿಂದೆ ಇದೇ ಕಂಪ್ಯೂಟರ್ ಒಂದು ದಿನ ಮೊಂಡು ಹಿಡಿದು ನಿಂತಿತು. ವಾರಿಜಾ ಮೇಲೇ ಇದ್ದರು. ಒಂದು ಕೂಗು ಹಾಕಿದ್ದರೆ ಆಗುತ್ತಿತ್ತು. ಸೀನು ಹಾಕಲಿಲ್ಲ, ಅಂಗಡಿಯಿಂದ ಒಬ್ಬನನ್ನು ಕರೆಸಿದರು. ಅವನು "ಫಾರ್ಮ್ಯಾಟ್ ಮಾಡ್ಲಾ ಸಾರ್?" ಎಂದ. ಸೀನು ಪೇಪರಿನಿಂದ ತಲೆ ಎತ್ತದೆ "ಹೂಂ, ಏನ್ ಬೇಕೋ ಮಾಡಪ್ಪ" ಎಂದರು.

ಅದರಲ್ಲಿ ಅಮ್ಮನ ಹಾಡುಗಳಿದ್ದವು. ಆರತಿ ಹಾಡು, ಬೀಗರ ಹಾಡು, ಹಸೆಗೆ ಕರೆಯುವ ಹಾಡು. ಅಮ್ಮ ಹಾಸಿಗೆ ಹಿಡಿದ ವರ್ಷ ವಾರಿಜಾ ಪಕ್ಕದಲ್ಲಿ ಕೂತು, ಮರೆತ ಸಾಲುಗಳನ್ನು ನೆನಪಿಸಿ ನೆನಪಿಸಿ ಹಾಡಿಸಿ ತುಂಬಿಟ್ಟಿದ್ದರು. ಅಮ್ಮ ಹೋಗಿ ಆಗ ಆರು ತಿಂಗಳೂ ಆಗಿರಲಿಲ್ಲ.

"ನನ್ನ ಒಂದ್ ಮಾತು ಕೇಳ್ಬಾರ್ದಿತ್ತೇನೋ ಸೀನು?"

"ನಿನ್ನ ಏನ್ ಕೇಳೋದು? ಹೆಂಗಸ್ರಿಗೆ ಇದ್ರಲ್ಲಿ ಏನ್ ಗೊತ್ತಾಗತ್ತೆ?" ತಪ್ಪು ಮಾಡಿದವರಿಗೆ ಬರುವ ಸಿಟ್ಟಿನಲ್ಲಿ ಸೀನು ಹೇಳಿಬಿಟ್ಟರು.

ವಾರಿಜಾ ಮೆಟ್ಟಿಲು ಹತ್ತಿಹೋದರು. ಆಮೇಲೆ ಇಳಿದದ್ದೆಲ್ಲ ತರಕಾರಿಗೆ, ದೇವಸ್ಥಾನಕ್ಕೆ, ಮೋಟರ್ ಆಫ್ ಮಾಡಲಿಕ್ಕೆ. ಕ್ಷಮಿಸು ಅನ್ನಬೇಕೆಂದು ಸೀನು ಎಷ್ಟೋ ಸಲ ಮೆಟ್ಟಿಲವರೆಗೂ ಹೋಗಿದ್ದುಂಟು. ಮೊದಲ ವಾರ ಹೇಳಿದ್ದರೆ ಹೇಳಿದ ಹಾಗಾಗುತ್ತಿತ್ತು. ವರ್ಷ ಕಳೆದಮೇಲೆ ಯಾವ ಮುಖ ಇಟ್ಟುಕೊಂಡು ಹೇಳುವುದು?

* * *

ಬಂದವರು ಹತ್ತು ಹನ್ನೆರಡು ಜನ. ಬಾಗಿಲ ಬಳಿ ಚಪ್ಪಲಿಗಳು ಒಂದು ಸಾಲೂ ಆಗಿರಲಿಲ್ಲ. ಸುಬ್ರಹ್ಮಣ್ಯಪುರದಿಂದ ಆಟೋ ಮಾಡಿಕೊಂಡು ಬಂದ ಕಮಲಾದೇವಿ ವಾರಿಜಾರ ಜೊತೆ ಸರ್ಕಾರಿ ಕಾಲೇಜಿನ ಆಫೀಸಿನಲ್ಲಿ ಟೈಪಿಸ್ಟಾಗಿದ್ದವರು. ಅವರು ಗೆಳತಿಯ ಪಾದದ ಹತ್ತಿರ ಕೂತು ಅತ್ತು, ಮೂಗು ಒರೆಸಿಕೊಂಡು, ವಿಭಾ ಜೊತೆ ಮಾತಿಗಿಳಿದರು.

"ಮೊದಲನೇ ಕಂಪ್ಯೂಟರ್ ಬಂದಾಗ ನೋಡ್ಬೇಕಿತ್ತು ನಮ್ಮಾಫೀಸು. ಕುಂಕುಮ ಹಚ್ಚಿ, ಮೇಲೆ ಬಟ್ಟೆ ಮುಚ್ಚಿ, ಚಪ್ಪಲಿ ಬಿಟ್ಟು ಒಳಗೋಗಿ ಅನ್ನೋರು. ಯಾರೂ ಮುಟ್ತಿರ್ಲಿಲ್ಲ. ಮೊದ್ಲು ಆ ಬಟ್ಟೆ ಸರಿಸಿ ಕೂತೋಳು ಇವಳೇ."

"ಮೇಲೂ ಹಂಗೇ," ಎಂದರು ವಿಭಾ. "ಯಾವಾಗ್ ಕಾಫಿ ತಗೊಂಡ್ ಹೋದ್ರೂ ಟಕಟಕಾ ಅಂತ ಟೈಪ್ ಮಾಡ್ತಿರೋರು. ಕೇಳಿದ್ರೆ, ಯಾರ್ದೋ ಪಾಪ ಕಂಪ್ಯೂಟರ್ ಕೆಟ್ಟಿದ್ಯಂತೆ ಕಣೆ, ಅನ್ನೋರು. ನಂಗೇನ್ ಅರ್ಥ ಆಗತ್ತೆ?"

"ನಂಗಂತೂ ಕೀ ಮುಟ್ಟಕ್ಕೇ ಭಯ. ಏನೋ ಒತ್ಬಿಟ್ಟು ಎಲ್ಲಾ ಹೋಗ್ಬಿಟ್ರೆ ಅಂತ ಕೈ ನಡುಗೋದು. ಇವಳು ನನ್ ಕೈ ಹಿಡ್ಕೊಂಡು, ಏನೂ ಒತ್ಬೇಡ, ಮೊದ್ಲು ಹೋಗಿ ಒಂದ್ ಲೋಟ ನೀರ್ ಕುಡ್ಕೊಂಡ್ ಬಾ, ಅನ್ನೋಳು."

ಸೀನು ಕಂಬದ ಪಕ್ಕ ನಿಂತಿದ್ದರು. "ಏನಂದ್ರಿ?"

"ನೀರು ಕುಡ್ಕೊಂಡ್ ಬಾ ಅನ್ನೋಳು," ಕಮಲಾದೇವಿ ಇನ್ನೊಮ್ಮೆ ಹೇಳಿದರು. "ಎಲ್ರಿಗೂ ಅದೇ. ಪ್ರಿನ್ಸಿಪಾಲ್ರಿಗೂ."

ಸೀನು ಮೆಟ್ಟಿಲು ಹತ್ತಿದರು. ಅರ್ಧಕ್ಕೆ ಬಂದಾಗ ತಣ್ಣಗಾದ ಕಾಫಿ ಲೋಟ ಇನ್ನೂ ಅಲ್ಲೇ ಇತ್ತು. ಅದನ್ನು ದಾಟಿಕೊಂಡು ಹೋದರು.

ಕೋಣೆಯಲ್ಲಿ ಒಂದು ಮಂಚ, ಒಂದು ಮೇಜು. ಕಿಟಕಿಯ ಪಕ್ಕ ತೆರೆದೇ ಇದ್ದ ಲ್ಯಾಪ್‌ಟಾಪ್, ಮಡಚಿಟ್ಟ ಕನ್ನಡಕ, ತಟ್ಟೆ ಮುಚ್ಚಿದ ನೀರಿನ ಲೋಟ. ಸೀನು ಬಾಗಿಲಲ್ಲೇ ನಿಂತು ಫೋನಿನಲ್ಲಿ ಬರೆದರು. "ಸಾರ್, ಇದ್ದೀರಾ?"

ಮೇಜಿನ ಮೇಲೆ ಟಿಂಗ್ ಎಂದಿತು.

ಇರಲಾರದು ಎಂದುಕೊಂಡರು. ಇನ್ನೊಂದು ಸಲ, ಬರೀ "ಸಾರ್" ಎಂದು ಕಳಿಸಿದರು. ಟಿಂಗ್. ಹತ್ತಿರ ಹೋಗಿ ನೋಡಿದರೆ ಪರದೆಯ ಮೂಲೆಯಲ್ಲಿ ಅವರದೇ ಹೆಸರು: ಶ್ರೀನಿವಾಸ, ಬನಶಂಕರಿ. ಅದರ ಕೆಳಗೆ ಬೆಳಗ್ಗೆಯಿಂದ ಕಾಯುತ್ತಿರುವ ಇನ್ನೂ ಯಾರ್‍ಯಾರೋ. ಪಕ್ಕದ್ಮನೆ ಸಾರ್ ಎಲ್ಲಿ? ಪಕ್ಕದ್ಮನೆ ಸಾರ್ ಇವತ್ತು ಬರಲ್ವಾ?

ಸೀನು ಮಂಚದ ಮೇಲೆ ಕೂತರು. ಒಂದೊಂದೇ ಅಕ್ಷರ ಹುಡುಕಿ "ಅಕ್ಕ" ಎಂದು ಬರೆದು ಕಳಿಸಿದರು.

ಟಿಂಗ್.

* * *

ನಿನ್ನೆ ಸಂಜೆ ಪಕ್ಕದ್ಮನೆಯವರು ಕೇಳಿದ್ದರು. "ಆ ಪೆನ್‌ಡ್ರೈವಿನಲ್ಲಿ ಏನಿದೆ?"

"ಅಮ್ಮ, ಅಕ್ಕ ಇಬ್ಬರೂ ಇರೋ ಫೋಟೋ ಸಾರ್. ಅದೊಂದೇ ಉಳಿದಿರೋದು. ಅಮ್ಮ ಈಗಿಲ್ಲ."

"ಅಕ್ಕ?"

"ಇಲ್ಲೇ ಮಹಡಿ ಮೇಲಿದ್ದಾಳೆ. ಮಾತಿಲ್ಲ."

"ಯಾಕೆ?"

ಗುರುತು ಪರಿಚಯ ಇಲ್ಲದವರ ಹತ್ತಿರ ಹೇಳುವುದು ಎಷ್ಟು ಸುಲಭ! "ತಪ್ಪೆಲ್ಲಾ ನಂದೇ ಸಾರ್," ಎಂದು ಸೀನು ಬರೆದರು. "ಅವಳನ್ನ ಕೇಳಬೇಕಿತ್ತು. ಕೇಳಲಿಲ್ಲ. ಆಮೇಲೆ ಹೇಳೋಕೆ ಬಾಯಿ ಬರಲಿಲ್ಲ."

ಆ ಕಡೆಯಿಂದ ಉತ್ತರ ಬಂತು. "ಫೋಟೋ ಸಿಗುತ್ತೆ. ನಾಳೆ ನೋಡೋಣ. ಅಲ್ಲಿವರೆಗೂ ಏನನ್ನೂ ಒತ್ತಬೇಡಿ."

ಅದಾದ ಸ್ವಲ್ಪ ಹೊತ್ತಿಗೆ ಮೇಲಿನ ಬಾಗಿಲು ತೆರೆದ ಸದ್ದಾಯಿತು. ಚಪ್ಪಲಿಗಳು ಮೆಟ್ಟಿಲಿಳಿದು ಬಂದು ಅರ್ಧದಲ್ಲಿ ನಿಂತವು. ಮೋಟರ್ ಆಫ್ ಮಾಡಲು ಬಂದಿರಬೇಕು, ಎದುರಾದರೆ ಇಬ್ಬರಿಗೂ ಮುಜುಗರ ಎಂದು ಸೀನು ಟಿವಿಯ ಸದ್ದು ಜಾಸ್ತಿ ಮಾಡಿದರು. ಚಪ್ಪಲಿಗಳು ಸ್ವಲ್ಪ ಹೊತ್ತು ನಿಂತಿದ್ದು, ಹಾಗೇ ಮೇಲೆ ಹೋದವು.

* * *

ಬನಶಂಕರಿಯ ವಿದ್ಯುತ್ ಚಿತಾಗಾರದಲ್ಲಿ ಪುರೋಹಿತರು ಅವಸರದಲ್ಲಿದ್ದರು. ಹಿಂದೆ ಇನ್ನೊಂದು ವ್ಯಾನ್ ಬಂದು ನಿಂತಿತ್ತು. ಒದ್ದೆ ಪಂಚೆಯಲ್ಲಿದ್ದ ಸೀನು ಹೇಳಿದ ಕಡೆ ನಿಂತು, ಹೇಳಿದ ಮಂತ್ರ ಹೇಳಿ, ಅಕ್ಕನ ಬಾಯಿಗೆ ಅಕ್ಕಿಕಾಳು ಹಾಕಿದರು. ಏಳು ವರ್ಷದಲ್ಲಿ ಅವಳ ಮುಖವನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಗಲ್ಲದ ಮೇಲಿನ ಮಚ್ಚೆ ಅವರಿಗೆ ಮರೆತೇಹೋಗಿತ್ತು.

"ಫೋಟೋ ಇಲ್ದೆ ಬರೀ ದೀಪ ಹಾಕ್ಸಿ ಫ್ಲೆಕ್ಸ್ ಮಾಡ್ಸಿದೀನಿ ಸಾರ್," ನಂದಕುಮಾರ್ ಕಿವಿಯಲ್ಲಿ ಹೇಳಿದ. "ಬೇಜಾರ್ ಮಾಡ್ಕೋಬೇಡಿ."

ಸೀನು ಅವನ ಭುಜ ಮುಟ್ಟಿದರು. ಪೆನ್‌ಡ್ರೈವ್ ಅವರ ಸೊಂಟದ ಮಡಿಕೆಯಲ್ಲಿ ಇತ್ತು.

ಕಬ್ಬಿಣದ ಬಾಗಿಲ ಪಕ್ಕ ಒಂದು ಪೆಟ್ಟಿಗೆ, ಅದರಲ್ಲಿ ಹಸಿರು ಗುಂಡಿ. ಅಲ್ಲಿ ಕೆಲಸಕ್ಕಿದ್ದ ಹನಮಂತ ಟವೆಲಿನಿಂದ ಬೆವರು ಒರೆಸಿಕೊಂಡು ಕರೆದ. "ಮನೆಯೋರು ಯಾರಾದ್ರೂ ಬನ್ನಿ ಸಾರ್. ಬಟನ್ ಒತ್ತಿ. ಒಳಗ್ ಹೋಗತ್ತೆ."

ಸೀನು ಹೋದರು. ಕೈ ಎತ್ತಿದರು. ಗುಂಡಿಯ ಹತ್ತಿರ ಹೋದ ಬೆರಳು ಅಲ್ಲೇ ನಿಂತಿತು.

"ಒತ್ತಿ ಸಾರ್. ಏನಾಗಲ್ಲ."

"ಒಂಚೂರು ನೀರು ಕೊಡ್ತೀಯೇನಪ್ಪ?"

ಪುರೋಹಿತರು ಗಡಿಯಾರ ನೋಡಿಕೊಂಡರು. ಹನಮಂತ ಮೂಲೆಯ ಕ್ಯಾನಿನಿಂದ ಸ್ಟೀಲ್ ಲೋಟದಲ್ಲಿ ನೀರು ಹಿಡಿದು ತಂದ. ಸೀನು ನಿಂತುಕೊಂಡೇ, ಒಂದು ಹನಿಯೂ ಬಿಡದೆ, ನಿಧಾನವಾಗಿ ಕುಡಿದರು. ಎಲ್ಲರೂ ಕಾದರು. ಕುಡಿದಾದ ಮೇಲೂ ಅವರು ಲೋಟ ವಾಪಸ್ ಕೊಡಲಿಲ್ಲ.

"ನೀನೇ ಒತ್ತಪ್ಪ," ಎಂದರು. "ನಂಗೆ ಏನೂ ಒತ್ಬೇಡ ಅಂತ ಹೇಳಿದಾಳೆ."

"ಯಾರು ಸಾರ್?"

"ನಮ್ಮಕ್ಕ."

ಹನಮಂತ ಒಮ್ಮೆ ಅವರ ಮುಖ ನೋಡಿ ಗುಂಡಿ ಒತ್ತಿದ. ಬಾಗಿಲು ಮೇಲೆದ್ದು, ಮತ್ತೆ ಇಳಿಯಿತು. ಖಾಲಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಸೀನು ಅಲ್ಲೇ ನಿಂತಿದ್ದರು, ಮುಂದೇನು ಮಾಡಬೇಕೆಂದು ಅಕ್ಕ ಹೇಳುತ್ತಾಳೆ ಎಂದು ಕಾಯುವವರ ಹಾಗೆ.