ದುಲ್ಮಾ ಸಸಿಗಳನ್ನು ಬೆಳಕಿಗೆ ಜರುಗಿಸಿದ್ದು

ದುಲ್ಮಾಳದು ಮೇ ತಿಂಗಳಲ್ಲೂ ನೆಲ ಹೆಪ್ಪುಗಟ್ಟಿರುವ ಚಳಿನಾಡು; ಮನೆಯೆಂದರೆ ಹುಲ್ಲುಗಾವಲಿನ ದುಂಡನೆಯ ಡೇರೆ. ಹೋದ ವರ್ಷ ಅವಳು ಮೇ ತಿಂಗಳ ಮೊದಲ ವಾರವೇ ಎಲೆಕೋಸು, ಟೊಮ್ಯಾಟೊ ಬೀಜಗಳನ್ನು ನೇರವಾಗಿ ಅಂಗಳದ ಮಣ್ಣಿಗೆ ಹಾಕಿದಳು. ಮಣ್ಣಿನ್ನೂ ತಣ್ಣಗಿತ್ತು. ಅರ್ಧ ಬೀಜ ಕೊಳೆತವು. ಮೊಳೆತ ಸಸಿಗಳು ಜೂನ್ ಮೂರರ ಹಿಮಕ್ಕೆ ಕರಟಿದವು.

ಈ ವರ್ಷ ಮಾವ ಜಮ್ಯಾನನ ಒಸಡಿನಲ್ಲಿ ರಕ್ತ ಬರತೊಡಗಿತು. ದಿನಾ ತಾಜಾ ತರಕಾರಿ ತಿನ್ನಿ ಎಂದರು ಡಾಕ್ಟರು. ಅಂಗಡಿಗೆ ಬರುವ ಕೋಸು ಲಾರಿಯಲ್ಲಿ ಮೂರು ದಿನ ಕಳೆದು ಬಾಡಿಯೇ ಬರುತ್ತದೆ.

"ಹುಲ್ಲು ತಿನ್ನೋದು ಕುರಿ. ಕುರಿ ತಿನ್ನೋದು ನಾನು. ಇನ್ನೇನು ಬೇಕು?" ಎಂದ ಮುದುಕ.

"ಹಲ್ಲಿದ್ರೆ ತಾನೇ ಮಾವ, ಕುರಿ ತಿನ್ನೋದು?" ಎಂದಳು ದುಲ್ಮಾ.

ಅವಳು ಪಕ್ಕದ ಹೊರ್ಲೋ ಅಕ್ಕನನ್ನು ಕೇಳಿದಳು. ಹೊರ್ಲೋ ಶಾಲೆಯ ಅಡುಗೆಯವಳು. ಹತ್ತು ವರ್ಷದಿಂದ ತರಕಾರಿ ಬೆಳೆಯುತ್ತಿದ್ದಾಳೆ.

"ಬೀಜದ್ದೇನೂ ತಪ್ಪಿಲ್ಲ ಕಣೇ, ನಿಂದೇ ಆತುರ," ಎಂದಳು ಹೊರ್ಲೋ. "ಕೋಸು, ಟೊಮ್ಯಾಟೊ ಏಪ್ರಿಲ್‌ನಲ್ಲಿ ಡೇರೆ ಒಳಗೆ ಮೊಳೀಲಿ. ಗಜ್ಜರಿ, ಈರುಳ್ಳಿ, ಪಾಲಕ್ ಚಳಿ ತಡ್ಕೊಳ್ತಾವೆ. ಮೇ ನಡುವೆ ಮೇಲ್ಮಣ್ಣಿನ ಮಂಜುಗಡ್ಡೆ ಕರಗಿದ್ಮೇಲೆ ಅವನ್ನ ಹೊರಗೇ ಬಿತ್ತು."

ದುಲ್ಮಾ ಖಾಲಿ ಹಾಲಿನ ಪೊಟ್ಟಣಗಳ ತಳಕ್ಕೆ ತೂತು ಮಾಡಿ, ಮಣ್ಣು ತುಂಬಿ ಬೀಜ ಹಾಕಿದಳು. ಎಲ್ಲವನ್ನೂ ಒಂದು ಹಲಗೆಯ ಮೇಲೆ ಜೋಡಿಸಿ ಒಲೆಯ ಹತ್ತಿರ ಇಟ್ಟಳು. ವಾರದಲ್ಲಿ ಮೊಳಕೆ ಬಂತು. ಇನ್ನೊಂದು ವಾರಕ್ಕೆ ಸಸಿಗಳು ನೂಲಿನಂತೆ ಉದ್ದವಾಗಿ ಅಡ್ಡಬಿದ್ದವು. ಅವಳಿಗೆ ಅಳು ಬಂತು.

"ನಾನು ಹೇಳ್ಲಿಲ್ವಾ?" ಎಂದ ಜಮ್ಯಾನ್.

ಹೊರ್ಲೋ ಬಂದು ಮಣ್ಣು ಮುಟ್ಟಿ ನೋಡಿದಳು. "ನೀರು ಜಾಸ್ತಿ, ಬೆಳಕು ಕಮ್ಮಿ. ಬೆಚ್ಚಗೆ ಬೇಕಾಗಿದ್ದು ಮೊಳಕೆ ಒಡೆಯೋವರೆಗೆ. ಆಮೇಲೆ ಬೇಕಾಗಿದ್ದು ಬಿಸಿಲು. ಹೋಗ್ಲಿ ಬಿಡು, ಇನ್ನೂ ಟೈಮಿದೆ. ಮತ್ತೆ ಹಾಕು."

ಡೇರೆಗೆ ಕಿಟಕಿಯಿಲ್ಲ. ನೆತ್ತಿಯ ಕಿಂಡಿಯಿಂದ ಬೀಳುವ ಬಿಸಿಲು ಬೆಳಿಗ್ಗೆ ಪಶ್ಚಿಮಕ್ಕೆ, ಮಧ್ಯಾಹ್ನ ಉತ್ತರಕ್ಕೆ, ಸಂಜೆ ಪೂರ್ವಕ್ಕೆ ಸರಿಯುತ್ತದೆ. ಹೊಸ ಸಸಿಗಳ ಹಲಗೆಯನ್ನು ದುಲ್ಮಾ ಅದರ ಹಿಂದೆಯೇ ಜರುಗಿಸುತ್ತಿದ್ದಳು. ಒಂದು ದಿನ ಹಸುವಿನ ಹಾಲು ಕರೆಯಲು ಹೋದವಳು ತಡವಾಗಿ ಬಂದಳು. ಹಲಗೆ ಆಗಲೇ ಬಿಸಿಲಿನಲ್ಲಿತ್ತು.

"ಕಾಲಿಗೆ ಅಡ್ಡ ಬರ್ತಿತ್ತು, ತಳ್ಳಿದೆ ಅಷ್ಟೆ," ಎಂದ ಮುದುಕ.

ಮರುದಿನವೂ ಅಡ್ಡ ಬಂತು. ಅದರ ಮರುದಿನವೂ.

ಮೇ ಕೊನೆಗೆ ಸಸಿಗಳು ಗಟ್ಟಿಯಾದವು. ಒಂದು ದಿನ ಬಿಸಿಲು ಚೆನ್ನಾಗಿತ್ತು. ದುಲ್ಮಾ ಗುದ್ದಲಿ ಎತ್ತಿಕೊಂಡಳು.

"ಏಯ್, ತಡಿ!" ಹೊರ್ಲೋ ಬೇಲಿಯಾಚೆಯಿಂದಲೇ ಕೂಗಿದಳು. "ಒಳಗೆ ಬೆಳೆದ ಮಕ್ಕಳು ಅವು. ಇವತ್ತು ಒಂದು ಗಂಟೆ ಹೊರಗಿಡು. ನಾಳೆ ಎರಡು ಗಂಟೆ. ಗಾಳಿಗೆ ಮರೆ ಇರ್ಲಿ. ಹತ್ತು ದಿನ ಹಿಂಗೆ ಅಭ್ಯಾಸ ಮಾಡ್ಸು."

ಜೂನ್ ಎಂಟಕ್ಕೆ ಸಸಿ ನೆಟ್ಟರು. ಮೂರನೆಯ ಸಂಜೆ ಜಮ್ಯಾನ್ ಅಂಗಳದಲ್ಲಿ ನಿಂತು ಬಹಳ ಹೊತ್ತು ಆಕಾಶ ನೋಡಿದ.

"ಗಾಳಿ ನಿಂತಿದೆ, ಮೋಡ ಇಲ್ಲ. ಬೆಳಿಗ್ಗೆ ನೆಲ ಬೆಳ್ಳಗಾಗುತ್ತೆ. ಕುರಿಮರಿಗೆ ಹೊದಿಸೋ ಕಂಬಳಿ ತಗೊಂಬಾ."

"ಸಸಿಗಾ ಮಾವ?"

"ಮರಿ ಯಾವುದಾದ್ರೂ ಮರೀನೇ. ಬೇಗ ಹೋಗು."

ಸಸಿ ಜಜ್ಜಿಹೋಗದಂತೆ ಕಡ್ಡಿಗಳನ್ನು ಬಗ್ಗಿಸಿ ನೆಟ್ಟು, ಅವುಗಳ ಮೇಲೆ ಇಬ್ಬರೂ ಕಂಬಳಿ ಹೊದಿಸಿದರು. ಬೆಳಿಗ್ಗೆ ಕಂಬಳಿಯ ಮೇಲೆಲ್ಲ ಹಿಮ ಕೂತಿತ್ತು. ಜಮ್ಯಾನ್ ಮಂಡಿಯೂರಿ ಅಂಚು ಎತ್ತಿದ. ಒಂದೊಂದಾಗಿ ಬೆರಳಿಟ್ಟು ಎಣಿಸಿದ. ಇಪ್ಪತ್ತಾರೂ ಹಸಿರಾಗಿದ್ದವು. ಅವನು ಎದ್ದು, ಮುಂದಿನ ವರ್ಷ ಇನ್ನಷ್ಟು ನೆಡಲೆಂದು ಬೇಲಿಯನ್ನು ನಾಲ್ಕು ಹೆಜ್ಜೆ ಆಚೆ ಸರಿಸತೊಡಗಿದ.

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಬೇಸಿಗೆ ಚಿಕ್ಕದು, ನಿಜ. ಅದಕ್ಕೇ ಏಪ್ರಿಲ್‌ನಲ್ಲೇ ಒಳಗೆ ಶುರುಮಾಡಿ. ಮೊಳೆತ ಕೂಡಲೇ ಬೆಳಕಿಗಿಡಿ, ಮಣ್ಣು ಒಣಗಿದರೆ ಮಾತ್ರ ನೀರು ಹಾಕಿ, ನೆಡುವ ಮೊದಲು ಗಾಳಿಗೆ ಒಗ್ಗಿಸಿ. ಸಸಿ ಹೆಚ್ಚಾದರೆ ಎಸೆಯಬೇಡಿ. ಪಕ್ಕದ ಡೇರೆಯ ಬಾಗಿಲಿಗೆ ಹೋಗಿ ಕೊಟ್ಟು ಬನ್ನಿ.