ಮಂಗಳವಾರದ ಸಾಲು

ಫಿಲಿಪ್ಪೀನ್ಸಿನ ಇಲೊಇಲೊ ಊರಿನ ಮೀನು ಪೇಟೆಯ ಹಿಂದೆ ಮಾರ್ಲಿಂಡಾ ನಡೆಸುತ್ತಿದ್ದ ಖಾನಾವಳಿ ಯಾವತ್ತೂ ಖಾಲಿಯಿದ್ದದ್ದಿಲ್ಲ. ಆ ಮನೆಯ ಮಗಳು ಅನಾಲಿನ್ ಮಾತ್ರ ಎರಡು ವರ್ಷದಿಂದ ಉಂಡದ್ದನ್ನು ಗುಟ್ಟಾಗಿ ಕಕ್ಕುತ್ತಿದ್ದಳು.

ಅದು ಶುರುವಾದದ್ದು ನೆಂಟರ ಮಗುವಿನ ಜ್ಞಾನಸ್ನಾನದ ಊಟದ ದಿನ. ದೊಡ್ಡಮ್ಮ ತೀತಾ ಸೆಲ್ಸಾ ಎಲ್ಲರೆದುರು ಅವಳ ತೋಳು ಚಿವುಟಿ, "ಸುಟ್ಟ ಹಂದಿ ಮೇಜಿನ ಮೇಲಿದ್ಯೋ, ಇಲ್ಲಿ ನಿಂತಿದ್ಯೋ?" ಎಂದಿದ್ದಳು. ಎಲ್ಲರೂ ನಕ್ಕರು. ಅನಾಲಿನ್ ಕೂಡ ನಕ್ಕಳು.

ಹತ್ತೊಂಬತ್ತು ತುಂಬಿದ ವರ್ಷ ಕಾಲೇಜಿಗೆ ಹಲ್ಲಿನ ಡಾಕ್ಟರು ಬಂದರು. ಅವಳ ಬಾಯೊಳಗೆ ದೀಪ ಹಿಡಿದು, ಸವೆದ ಹಲ್ಲುಗಳನ್ನು ನೋಡಿ, ದನಿ ತಗ್ಗಿಸಿ ಕೇಳಿದರು: "ಊಟ ಆದ್ಮೇಲೆ ವಾಂತಿ ಮಾಡ್ಕೋತೀಯಾ, ಮಗು?" ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಅನಾಲಿನ್ ಹೌದೆಂದು ತಲೆಯಾಡಿಸಿದಳು. ಅವರು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ಚೀಟಿ ಬರೆದುಕೊಟ್ಟರು.

ಮಾರ್ಲಿಂಡಾ ಚೀಟಿ ಓದಿ ಒಲೆಯ ಉರಿ ತಗ್ಗಿಸಿದಳು.

"ಹುಚ್ಚರ ಡಾಕ್ಟ್ರಾ? ಊರೆಲ್ಲ ನನ್ನ ಕೈಯಡುಗೆ ಉಣ್ಣತ್ತೆ. ನನ್ನ ಮಗಳಿಗೇ ಅನ್ನ ದಕ್ಕಲ್ಲ ಅಂದ್ರೆ ಜನ ಏನಂತಾರೆ? ಪ್ರಾರ್ಥನೆ ಮಾಡು, ಸರಿಹೋಗತ್ತೆ."

"ಮಾಡಿದೀನಿ ಅಮ್ಮಾ. ಎರಡು ವರ್ಷ ಮಾಡಿದೀನಿ."

ಮಂಗಳವಾರ ಆ ವಿಭಾಗದ ದಿನ. ಅನಾಲಿನ್ ಒಬ್ಬಳೇ ಜೀಪ್ನಿ ಬಸ್ಸು ಹತ್ತಿದಳು.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದಾಗ ಎದುರಿಗೆ ಬಂದವಳು ಪೇಟೆಯಲ್ಲಿ ಸೀಗಡಿ ಮಾರುವ ಆಲಿಂಗ್ ಪುರಿಂಗ್. "ಇದು ಹುಚ್ಚರ ಡಾಕ್ಟ್ರ ಸಾಲು ಕಣೇ, ದಾರಿ ತಪ್ಪಿದ್ಯಾ?" ಎಂದಳು. ಹೌದು ಎಂದುಬಿಟ್ಟರೆ ಸಾಕಿತ್ತು.

"ಇಲ್ಲ, ಸರಿಯಾದ ಸಾಲಲ್ಲೇ ಕೂತಿದೀನಿ. ಉಂಡಿದ್ದು ನಿಲ್ತಿಲ್ಲ, ನಾನೇ ಕಕ್ತೀನಿ. ಅದಕ್ಕೇ ಬಂದೆ."

ಸಂಜೆಯ ಹೊತ್ತಿಗೆ ಸುದ್ದಿ ಪೇಟೆಯೆಲ್ಲ ಸುತ್ತಿತ್ತು. ತೀತಾ ಸೆಲ್ಸಾ ಖಾನಾವಳಿಗೇ ಬಂದು, ಗಿರಾಕಿಗಳ ನಡುವೆ ನಿಂತು ಕೇಳಿದಳು: "ನಮ್ಮ ವಂಶದಲ್ಲಿ ಹುಚ್ಚು ಯಾರಿಗಿತ್ತೇ? ಸ್ವಲ್ಪ ಸಣ್ಣಗಾಗಲಿ ಅಂತ ಹೇಳಿದ್ದಕ್ಕೆ ಇಷ್ಟು ರಂಪಾನಾ?"

ಅನಾಲಿನ್ ತಟ್ಟೆಗಳನ್ನು ಕೆಳಗಿಟ್ಟಳು. "ನೀವು ತಮಾಷೆಗೆ ಅಂದ್ರಿ ತೀತಾ. ನನಗೆ ಅದು ತಮಾಷೆಯಾಗಿರ್ಲಿಲ್ಲ. ಇನ್ಮೇಲೆ ನನ್ನ ಮೈ ಬಗ್ಗೆ ಮಾತಾಡ್ಬೇಡಿ. ಮುಂದಿನ ಮಂಗಳವಾರಾನೂ ಹೋಗ್ತೀನಿ."

ಸೌಟು ಹಿಡಿದು ನಿಂತಿದ್ದ ಮಾರ್ಲಿಂಡಾ ಅಕ್ಕನ ಕಡೆ ತಿರುಗಿದಳು. "ಅಕ್ಕಾ, ಊಟ ಮಾಡೋದಾದ್ರೆ ಕೂತ್ಕೋ. ಇಲ್ಲಾಂದ್ರೆ ಗಿರಾಕಿಗಳಿಗೆ ಜಾಗ ಬಿಡು." ಸೆಲ್ಸಾ ಮುಖ ಗಂಟಿಕ್ಕಿಕೊಂಡು ಹೊರಟುಹೋದಳು.

ಮುಂದಿನ ಮಂಗಳವಾರ ಖಾನಾವಳಿಗೆ ಬೀಗ ಬಿತ್ತು. ಚರ್ಚಿಗೆ ಹೋಗುವ ಉಡುಪು ತೊಟ್ಟು ಮಾರ್ಲಿಂಡಾ ಮಗಳ ಪಕ್ಕ ಬೆಂಚಿನಲ್ಲಿ ಕೂತಳು. ಮನೆಯಲ್ಲಿ ಹೇಗೆ ಉಣ್ಣುತ್ತಾಳೆಂದು ಡಾಕ್ಟರು ಕೇಳಿದಾಗ, "ಚೆನ್ನಾಗೇ ಉಣ್ತಾಳೆ," ಎಂದು ಅಭ್ಯಾಸಬಲದಿಂದ ಹೇಳಿ, ತಕ್ಷಣ ತಿದ್ದಿಕೊಂಡಳು: "ಇಲ್ಲ, ನನಗೆ ಗೊತ್ತಿಲ್ಲ. ನಾನು ನೋಡೇ ಇಲ್ಲ."

ಅಂದಿನಿಂದ ಡಾಕ್ಟರು ಹೇಳಿದಂತೆ ಇಬ್ಬರೂ ಒಟ್ಟಿಗೆ ಉಂಡು, ಉಂಡ ಮೇಲೆ ಒಂದು ಗಂಟೆ ಜೊತೆಗೇ ಕೂರುತ್ತಿದ್ದರು. ಆ ತಿಂಗಳು ಅನಾಲಿನ್ ನಾಲ್ಕು ಸಲ ಸೋತು ಕಕ್ಕಿದಳು. ನಾಲ್ಕು ಸಲವೂ ಮುಚ್ಚಿಡದೆ ತಾಯಿಗೆ ಹೇಳಿದಳು. ಐದನೆಯ ಮಂಗಳವಾರ ಕಾಲೇಜಿನಲ್ಲಿ ಪರೀಕ್ಷೆಯಿತ್ತು. ಅವಳು ಮೇಷ್ಟರ ಬಳಿ ಹೋಗಿ, ಕಾರಣವನ್ನು ಇದ್ದ ಹಾಗೆ ಹೇಳಿ, ಬೇರೆ ದಿನ ಬರೆಯುತ್ತೇನೆಂದು ಕೇಳಿದಳು.